ವಯಸ್ಸನ್ನು ಹೊಗಳಬೇಡಿ, ಚಿತ್ರ ನೋಡಿ

ಸಂಪಾದಕರಿಗೆ ನಮಸ್ಕಾರ.

ನಿವೃತ್ತಿಯಾದ ಮೇಲೆ ಭಾವಚಿತ್ರ ಬರೆಯಲು ಶುರು ಮಾಡಿದವರ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದೀರಿ, ಅನುಮಾನವಿಲ್ಲ. ಆದರೆ ಪೂರ್ತಿ ಓದಿದರೂ ಆ ಚಿತ್ರಗಳು ಹೇಗಿವೆ ಅನ್ನೋದು ಮಾತ್ರ ತಿಳಿಯಲಿಲ್ಲ. ತಿಳಿದದ್ದು ಚಿತ್ರ ಬರೆದವರ ವಯಸ್ಸು, ಮಂಡಿ ನೋವಿದ್ದರೂ ಬಿಡದ ಉತ್ಸಾಹ, ಮೊಮ್ಮಕ್ಕಳ ಖುಷಿ, ಇಷ್ಟೇ. "ಈ ವಯಸ್ಸಲ್ಲೂ ಎಷ್ಟು ಚೆನ್ನಾಗಿ ಬಿಡಿಸ್ತಾರೆ" ಅನ್ನೋ ಮಾತು ಕೇಳಿ ಕೇಳಿ ನನ್ನಂಥವರಿಗೆ ಸಾಕಾಗಿದೆ.

ನಾನೂ ಅದೇ ಗುಂಪಿನವನು. ಲೆಕ್ಕಪತ್ರ ವಿಭಾಗದಲ್ಲಿ ದುಡಿದು ನಿವೃತ್ತನಾದೆ, ಆಮೇಲೆ ಇದನ್ನು ಹಿಡಿದೆ. ಹವ್ಯಾಸ ಅಂತಲ್ಲ, ಕೆಲಸ ಅಂತ. ದುಡ್ಡು ತೆಗೆದುಕೊಂಡೇ ಬರೆಯುತ್ತೇನೆ. ಹಳೇ ಕೆಲಸದಲ್ಲಿ ಆಡಿಟ್‌ಗೆ ಬಂದವರು ತಲೆ ನರೆತಿದೆ ಅಂತ ನನ್ನ ಒಂದು ತಪ್ಪು ಮೊತ್ತವನ್ನೂ ಬಿಟ್ಟುಕೊಟ್ಟವರಲ್ಲ. ಇಲ್ಲಿ ಮಾತ್ರ ಯಾಕೆ ಬಿಡಬೇಕು?

ಅದರಲ್ಲೂ ಭಾವಚಿತ್ರ ರಿಯಾಯಿತಿ ಕೇಳೋ ಜಾಗವೇ ಅಲ್ಲ. ಮರದ ಕೊಂಬೆ ಒಂದಿಷ್ಟು ಆಚೆ ಹೋದರೂ ಮರ ಮರವೇ. ಬಾಯಿಯ ತುದಿ ಕೂದಲೆಳೆಯಷ್ಟು ಮೇಲೆ ಹೋದರೆ ಮನುಷ್ಯನೇ ಬೇರೆ. ಮನೆಯವರು ಬಂದು ನಿಂತು ನೋಡುತ್ತಾರೆ, ಸ್ವಲ್ಪ ಹೊತ್ತು ಸುಮ್ಮನಿದ್ದು "ಬಾಯಿ ಹತ್ರ ಏನೋ ಸರಿ ಇಲ್ಲ ಅಲ್ವಾ" ಅನ್ನುತ್ತಾರೆ. ಏನು ಅಂತ ಬಿಡಿಸಿ ಹೇಳೋಕೆ ಅವರಿಗೆ ಬರಲ್ಲ, ಆದರೆ ಸಾಮಾನ್ಯವಾಗಿ ಅವರು ಹೇಳಿದ್ದೇ ನಿಜವಾಗಿರುತ್ತದೆ.

ಇಂಥ ಲೇಖನಗಳಲ್ಲಿ ಗ್ರ್ಯಾಂಡ್‌ಮಾ ಮೋಸೆಸ್ ಹೆಸರು ತಪ್ಪದೆ ಬರುತ್ತದೆ. ಎಪ್ಪತ್ತು ದಾಟಿದ ಮೇಲೆ ಚಿತ್ರಕ್ಕೆ ಇಳಿದು ಲೋಕಪ್ರಸಿದ್ಧರಾದ ಅಜ್ಜಿ, 101 ವರ್ಷ ಬದುಕಿ 1961ರಲ್ಲಿ ತೀರಿಕೊಂಡರು. ಸರಿ, ಆದರೆ ಅವರು ಬರೆದದ್ದು ಹಳ್ಳಿ, ಹೊಲ, ಹಿಮ. ಟ್ಯಾಗೋರ್ ಕೂಡ ಅರವತ್ತರ ನಂತರವೇ ಚಿತ್ರವನ್ನು ಗಂಭೀರವಾಗಿ ಹಿಡಿದವರು, ಮೊದಲ ಪ್ರದರ್ಶನ 1930ರಲ್ಲಿ ಪ್ಯಾರಿಸ್‌ನಲ್ಲಿ. ಮುಖಗಳನ್ನು ಬೇಕಾದಷ್ಟು ಬರೆದರು. ಆದರೆ ಹೆಚ್ಚಿನವು ಕಲ್ಪನೆಯ ಮುಖಗಳು, "ಇದು ನಮ್ಮಪ್ಪನ ಥರ ಇಲ್ಲ" ಅಂತ ಜಗಳಕ್ಕೆ ಬರೋರು ಯಾರೂ ಇರಲಿಲ್ಲ.

ನಮಗೆ ಸರಿಹೊಂದೋ ಉದಾಹರಣೆ ಅಮೆರಿಕದ ಮಾಜಿ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್. (ಅವರ ರಾಜಕೀಯ ಬೇರೆ ಮಾತು, ಅದಕ್ಕೆ ಇನ್ನೊಂದು ಪತ್ರ ಬೇಕು.) ಅಧಿಕಾರ ಬಿಟ್ಟ ಮೇಲೆ, ಅರವತ್ತು ದಾಟಿದ ವಯಸ್ಸಿನಲ್ಲಿ ಶಿಕ್ಷಕರನ್ನು ಇಟ್ಟುಕೊಂಡು ಕಲಿತರು. 2014ರಲ್ಲಿ ಜಗತ್ತಿನ ನಾಯಕರ ಭಾವಚಿತ್ರಗಳ ಪ್ರದರ್ಶನ ಮಾಡಿದಾಗ, ಇವು ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಮೊದಲಿಗೇ ಸಿಗೋ ಫೋಟೊಗಳನ್ನು ನೋಡಿ ಬರೆದಂತಿವೆ ಅಂತ ಟೀಕೆ ಬಂತು. ವಯಸ್ಸೂ ಲೆಕ್ಕಕ್ಕೆ ಬರಲಿಲ್ಲ, ಹುದ್ದೆಯೂ ಬರಲಿಲ್ಲ. 2017ರ ಹೊತ್ತಿಗೆ ಅವರು ತಮಗೆ ಪರಿಚಯವಿದ್ದ ಮಾಜಿ ಸೈನಿಕರ ಮುಖಗಳನ್ನು ಬರೆದಿದ್ದರು. ಆಗ ಕೆಲವು ವಿಮರ್ಶಕರು ಪರವಾಗಿಲ್ಲ, ಕೈ ಪಳಗಿದೆ ಅಂದರು. ಮೊದಲೇ ಎಲ್ಲರೂ ಬೆನ್ನು ತಟ್ಟಿದ್ದರೆ ಅಲ್ಲಿಗೇ ನಿಂತಿರುತ್ತಿದ್ದರು ಅಂತ ನನ್ನ ಅನಿಸಿಕೆ.

ಕಲಿಯಬೇಕಾದ್ದೂ ಅಷ್ಟೇ ಇದೆ, ಇಪ್ಪತ್ತರ ಹುಡುಗನಿಗೆ ಎಷ್ಟೋ ಅರವತ್ತರವನಿಗೂ ಅಷ್ಟೇ. ಕಣ್ಣುಗಳು ಇರೋದು ತಲೆಯ ಹೆಚ್ಚುಕಮ್ಮಿ ಅರ್ಧದಲ್ಲಿ. ಅಳೆದು ನೋಡುವವರೆಗೆ ಯಾರೂ ನಂಬಲ್ಲ, ಹೊಸಬರೆಲ್ಲ ಮೇಲಕ್ಕೇ ಇಡುತ್ತಾರೆ. ಬಣ್ಣ ಮುಟ್ಟುವ ಮೊದಲು ಇದ್ದಿಲಿನಲ್ಲಿ ಬೆಳಕು ನೆರಳು ಪಳಗಬೇಕು, ಕಣ್ಣು ಅರ್ಧ ಮುಚ್ಚಿ ನೋಡೋ ಅಭ್ಯಾಸ ಆಗಬೇಕು. ಆಮೇಲೂ ಅಂಗಡಿಯ ಬಣ್ಣವೆಲ್ಲ ಬೇಕಾಗಲ್ಲ. ಸ್ವೀಡನ್ನಿನ ಚಿತ್ರಕಾರ ಆಂಡರ್ಸ್ ಜೋರ್ನ್ ಹೆಸರಿನಲ್ಲಿ ಒಂದು ಪ್ಯಾಲೆಟ್ ಇದೆ: ಬಿಳಿ, ಕಪ್ಪು, ಹಳದಿ ಓಕರ್, ಒಂದು ಕೆಂಪು. ಚರ್ಮದ ಮುಕ್ಕಾಲು ಬಣ್ಣ ಈ ನಾಲ್ಕರಲ್ಲೇ ಬರುತ್ತದೆ.

ದೊಡ್ಡ ತಲೆನೋವು ಫೋಟೊ. ಗಿರಾಕಿಗಳು ಮೊಬೈಲಿನಲ್ಲಿ ಮುಖದ ಹತ್ತಿರ ಹಿಡಿದು ತೆಗೆದ ಫೋಟೊ ಕಳಿಸಿ "ಇದನ್ನೇ ದೊಡ್ಡದಾಗಿ ಬರೆದುಕೊಡಿ" ಅನ್ನುತ್ತಾರೆ. ಅಷ್ಟು ಹತ್ತಿರದಿಂದ ತೆಗೆದರೆ ಮೂಗು ಉಬ್ಬುತ್ತದೆ, ಕಿವಿ ಹಿಂದೆ ಸರಿದು ಚಿಕ್ಕದಾಗುತ್ತದೆ. ಅದನ್ನೇ ನಿಷ್ಠೆಯಿಂದ ನಕಲು ಮಾಡಿದರೆ ನಿಷ್ಠೆಯಿಂದ ತಪ್ಪು ಮಾಡಿದ ಹಾಗೆ. ಆದ್ದರಿಂದ ಆದಷ್ಟು ಎದುರಿಗೆ ಕೂರಿಸಿಕೊಂಡೇ ಬರೆಯಬೇಕು. ನಮ್ಮ ವಯಸ್ಸು ನಿಜವಾಗಿ ಕೆಲಸಕ್ಕೆ ಬರೋದು ಇಲ್ಲೇ ನೋಡಿ. ಕೂತವರು ಮೊದಮೊದಲು ಫೋಟೊಗೆ ಕೊಡೋ ಮುಖ ಇಟ್ಟುಕೊಂಡಿರುತ್ತಾರೆ. ಮಾತಾಡಿಸುತ್ತಾ ಇದ್ದರೆ ಅದು ನಿಧಾನಕ್ಕೆ ಕಳಚಿ ಅವರದೇ ಮುಖ ಬರುತ್ತದೆ. ಯಾರನ್ನು ಮಾತಿಗೆಳೆಯಬೇಕು, ಯಾರನ್ನು ಅವರ ಪಾಡಿಗೆ ಬಿಡಬೇಕು ಅನ್ನೋದು ಸಾವಿರ ಜನರ ಜತೆ ಒಡನಾಡಿದವರಿಗೆ ಸಲೀಸು. ಹೊಗಳೋದಿದ್ದರೆ ಇದನ್ನು ಹೊಗಳಿ, ಬೇಡ ಅನ್ನಲ್ಲ.

ನಷ್ಟವೂ ಇದೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ, ನೀಲಿ ಮಂಕಾಗಿ ಕಾಣುತ್ತದೆ. ಫ್ರಾನ್ಸಿನ ದೊಡ್ಡ ಚಿತ್ರಕಾರ ಕ್ಲೋಡ್ ಮೊನೆ ಅಂಥವರೂ ಕಣ್ಣಿನ ಪೊರೆಯಿಂದ ಬಣ್ಣ ತಿಳಿಯದೆ ಒದ್ದಾಡಿ 1923ರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ವರ್ಷಕ್ಕೊಮ್ಮೆ ಕಣ್ಣು ತೋರಿಸಿ, ಅಷ್ಟೇ.

ಇನ್ನು ದುಡ್ಡು. "ನಿಮಗೇನು, ಪೆನ್ಷನ್ ಬರುತ್ತಲ್ಲ, ಸುಮ್ನೆ ಹೊತ್ತು ಹೋಗೋಕೆ ಬರೆದುಕೊಡಿ" ಅನ್ನೋರು ಜಾಸ್ತಿ. ನಮ್ಮಲ್ಲೂ ಕೆಲವರು ನಾಚಿಕೊಂಡು ಬಣ್ಣದ ಖರ್ಚಷ್ಟೇ ತೆಗೆದುಕೊಳ್ಳುತ್ತಾರೆ. ಇದು ಉದಾರತನ ಅಂತ ನನಗೆ ಅನಿಸಲ್ಲ. ಇದೇ ಕೆಲಸದಿಂದ ಬಾಡಿಗೆ ಕಟ್ಟೋ ಇಪ್ಪತ್ತೈದರ ಹುಡುಗಿ ತನ್ನ ಬೆಲೆ ಹೇಳಿದಾಗ, ಗಿರಾಕಿ ನಮ್ಮನ್ನು ತೋರಿಸಿ ಅವಳ ಹತ್ತಿರ ಚೌಕಾಸಿ ಮಾಡುತ್ತಾನೆ. ನಮಗೆ ಹೊತ್ತು ಹೋಗಲಿ ಅಂತ ಅವಳ ಅನ್ನಕ್ಕೆ ಕಲ್ಲು ಹಾಕೋದಾ? ಅವಳು ಕೇಳುವಷ್ಟೇ ಕೇಳಬೇಕು, ಮುಂಗಡ ತೆಗೆದುಕೊಳ್ಳಬೇಕು. ಎಷ್ಟು ಸಲ ತಿದ್ದಿಕೊಡುತ್ತೇವೆ, ಚಿತ್ರವನ್ನು ಮುಂದೆ ಅಚ್ಚು ಹಾಕಿಸೋ ಹಕ್ಕು ಯಾರದು ಅನ್ನೋದನ್ನು ಮೊದಲೇ ಕಾಗದದ ಮೇಲೆ ಬರೆದುಕೊಳ್ಳಬೇಕು. ಎಣ್ಣೆಬಣ್ಣ ಪೂರ್ತಿ ಒಣಗೋಕೆ ತಿಂಗಳುಗಟ್ಟಲೆ ಹಿಡಿಯುತ್ತದೆ ಅನ್ನೋದನ್ನೂ ಹೇಳಿಬಿಡಿ, ಇಲ್ಲದಿದ್ದರೆ ಮುಂದಿನ ವಾರವೇ ಬಾಗಿಲಿಗೆ ಬರುತ್ತಾರೆ.

ನಿಮ್ಮಲ್ಲಿ ಕೇಳಿಕೊಳ್ಳೋದು ಇಷ್ಟೇ. ಮುಂದಿನ ಸಲ ಇಂಥ ಲೇಖನ ಹಾಕುವಾಗ ಚಿತ್ರ ಬಲ್ಲ ಒಬ್ಬರಿಂದ ಎರಡು ಸಾಲು ವಿಮರ್ಶೆ ಬರೆಸಿ, ಖಾರವಾಗಿದ್ದರೂ ಚಿಂತೆಯಿಲ್ಲ. ಮತ್ತೆ, ಕಲಾವಿದರು ಶಾಲು ಹೊದ್ದು ನಿಂತ ಫೋಟೊ ಅರ್ಧ ಪುಟ ಹಾಕಿ ಅವರ ಚಿತ್ರವನ್ನು ಅಂಚೆಚೀಟಿ ಗಾತ್ರಕ್ಕೆ ಇಳಿಸಿದ್ದಿರಲ್ಲ, ದಯವಿಟ್ಟು ಅದನ್ನು ಅದಲು ಬದಲು ಮಾಡಿ.

ಇತಿ,
ನಿಮ್ಮ ಒಬ್ಬ ಓದುಗ