ಲೆಡ್‌ಬೆಲಿ ಚಿತ್ರಕಥೆ ಬರೆಯುತ್ತಿರುವ ಗೆಳತಿಗೆ

ಪ್ರಿಯ ಗೆಳತಿ,

ಅಮೆರಿಕದ ಕಪ್ಪು ಜಾನಪದ-ಬ್ಲೂಸ್ ಗಾಯಕ ಲೆಡ್‌ಬೆಲಿಯ ಬದುಕಿನ ಮೇಲಿನ ನಿಮ್ಮ ಕರಡು ಓದಿದೆ. ಹಾಡು ಕೇಳಿ ಕರಗಿದ ಗವರ್ನರ್ ಜೈಲಿನ ಬಾಗಿಲು ತೆಗೆಸುವ ದೃಶ್ಯ ಎರಡು ಸಲ ಬಂದಿದೆ. ಒಂದನ್ನು ತೆಗೆಯಿರಿ. ಟೆಕ್ಸಸ್ ಗವರ್ನರ್ ಪ್ಯಾಟ್ ನೆಫ್ ಅವನ ಹಾಡು ಕೇಳಿದ್ದೂ 1925ರಲ್ಲಿ ಕ್ಷಮಾದಾನ ಕೊಟ್ಟದ್ದೂ ನಿಜ. 1934ರ ಎರಡನೇ ಬಿಡುಗಡೆಯ ಕಥೆ ಬೇರೆ. ಜಾನಪದ ಹಾಡುಗಳ ಸಂಗ್ರಾಹಕ ಜಾನ್ ಲೋಮ್ಯಾಕ್ಸ್ ಲೂಸಿಯಾನದ ಅಂಗೋಲಾ ಜೈಲಿನಲ್ಲಿ ಗವರ್ನರ್ ಅಲೆನ್‌ಗೆಂದು ಹಾಡಿಸಿ ಧ್ವನಿಮುದ್ರಿಸಿಕೊಂಡರು, ಸರಿ. ಆದರೆ ಬಿಡುಗಡೆ ಆದದ್ದು ಸನ್ನಡತೆಯ ಶಿಕ್ಷೆ ಕಡಿತದಿಂದ ಎಂದು ಜೈಲಿನ ಅಧಿಕಾರಿಗಳೇ ಹೇಳಿದ್ದಾರೆ.

ಆ ದಂತಕಥೆ ಹೇಗೆ ಹುಟ್ಟಿತು ಅನ್ನುವುದರಲ್ಲೇ ನಿಮ್ಮ ಸಿನಿಮಾ ಇದೆ. 1935ರಲ್ಲಿ 'ಮಾರ್ಚ್ ಆಫ್ ಟೈಮ್' ವಾರ್ತಾಚಿತ್ರಕ್ಕಾಗಿ, ಆಗಲೇ ಸ್ವತಂತ್ರನಾಗಿದ್ದವನಿಗೆ ಮತ್ತೆ ಕೈದಿಯ ಬಟ್ಟೆ ತೊಡಿಸಿ, ಲೋಮ್ಯಾಕ್ಸ್ ಎದುರು 'ಬಾಸ್' ಎಂದು ಅಂಗಲಾಚುವ ಪಾತ್ರ ಮಾಡಿಸಿದರು. ಅವನ ಬದುಕಿನ ಕಷ್ಟ ಅಂದರೆ ಬರೀ ಕೊಡಲಿ, ಕಾವಲುಗಾರ, ಸರಪಳಿ ಅಲ್ಲ. ಆ ಚಿತ್ರೀಕರಣವನ್ನು ಪೂರ್ತಿ ಬರೆಯಿರಿ: ದೀಪ ಹೊಂದಿಸುವವರು, ಮಾತು ಹೇಳಿಕೊಡುವವರು, ಟೇಕುಗಳ ನಡುವೆ ಅವನ ಮುಖ. ಸಂಗೀತ ಕಾರ್ಯಕ್ರಮದ ದುಡ್ಡು ಲೋಮ್ಯಾಕ್ಸ್ ಮತ್ತು ಅವನ ನಡುವೆ ಹಂಚಿಕೆಯಾಗುವ ದೃಶ್ಯವೂ ಬೇಕು.

ಹಾಡುಗಳಿಗೆ ಜಾಗ ಕಡಿಮೆ ಬಿಟ್ಟಿದ್ದೀರಿ. ಹನ್ನೆರಡು ಬಾರ್‌ನ (ಬಾರ್ ಅಂದರೆ ಇಲ್ಲಿ ನಾಲ್ಕು ಎಣಿಕೆಯ ಆವರ್ತ) ಬ್ಲೂಸ್‌ನಲ್ಲಿ ಒಂದು ಚರಣಕ್ಕೆ 48 ಎಣಿಕೆ. ನಿಮಿಷಕ್ಕೆ 80ರ ನಡೆಯಲ್ಲಿ 36 ಸೆಕೆಂಡ್. ಚಿತ್ರಕಥೆಯ ಪುಟಕ್ಕೆ ಒಂದು ನಿಮಿಷದ ಲೆಕ್ಕದಲ್ಲಿ ಮೂರು ಚರಣ ಅಂದರೆ ಹೆಚ್ಚುಕಡಿಮೆ ಎರಡು ಪುಟ. ಮೊದಲ ಸಾಲು, ಅದೇ ಸಾಲು ಮತ್ತೊಮ್ಮೆ, ಆಮೇಲೆ ಉತ್ತರದ ಸಾಲು. ಪ್ರತಿ ಸಾಲಿನ ಮೊದಲರ್ಧ ದನಿ, ಉಳಿದರ್ಧ ಗಿಟಾರ್. ಗಿಟಾರಿನ ಆ ಆರು ಸೆಕೆಂಡಿನಲ್ಲಿ ಒಂದು ನೋಟ, ಒಂದು ಸಣ್ಣ ಮಾತು ಹಿಡಿಸುತ್ತದೆ. ನೀವು ಸಂಭಾಷಣೆಯನ್ನು ದನಿಯ ಮೇಲೆ ಹೇರಿದ್ದರಿಂದ ಎರಡೂ ಕೇಳುವುದಿಲ್ಲ. ಎರಡನೇ ಸಾಲು ಪುನರಾವರ್ತನೆಯೆಂದು ಸಂಕಲನದಲ್ಲಿ ಕತ್ತರಿಸಿಯಾರು, ಬಿಡಬೇಡಿ. ಉತ್ತರಕ್ಕೆ ಕಾಯಿಸುವುದೇ ಆ ಸಾಲು. ಅಂದಹಾಗೆ, ಅವನು ಹಾಡಿದ್ದೆಲ್ಲ ಬ್ಲೂಸ್ ಅಲ್ಲ. 'ಗುಡ್‌ನೈಟ್ ಐರೀನ್' ಮೂರು ಎಣಿಕೆಯ ವಾಲ್ಟ್ಜ್. ಅಲ್ಲಿ ಈ ಲೆಕ್ಕ ನಡೆಯದು.

ಅವನ ಸ್ಟೆಲ್ಲಾ ಗಿಟಾರಿಗೆ ಹನ್ನೆರಡು ತಂತಿ, ಆರು ಜೋಡಿ, ಶ್ರುತಿ ತೀರಾ ಕೆಳಗೆ. ಹೆಬ್ಬೆರಳಿನ ಪಿಕ್‌ನಿಂದ (ತಂತಿ ಮೀಟುವ ಉಗುರು) ಮಂದ್ರ ತಂತಿಗಳ ಮೇಲೆ ಓಡುತ್ತಾನೆ. ಆರು ತಂತಿಯದು ಕಲಿತ ನಟನ ಹೆಬ್ಬೆರಳು ಸುಮ್ಮನೆ ನಿಂತಿದ್ದು ಕಿವಿಗೆ ಆ ಓಟ ಕೇಳಿದರೆ, ಪ್ರೇಕ್ಷಕರಿಗೆ ಸುಳ್ಳು ತಕ್ಷಣ ಗೊತ್ತಾಗುತ್ತದೆ. 'ಕೈಯ ಸಮೀಪ ಚಿತ್ರ' ಎಂದು ಬರೆಯುವ ಕಡೆಯೆಲ್ಲ ಯಾವ ಬೆರಳು ಎಂದೂ ಬರೆಯಿರಿ. 1949ರಲ್ಲಿ ನರರೋಗ ಅದೇ ಬೆರಳುಗಳನ್ನು ಕಸಿದುಕೊಳ್ಳುವಾಗ ಇದರ ಬೆಲೆ ತಿಳಿಯುತ್ತದೆ.

ಅವನು ಬಿಡುಗಡೆಯಾದ 1934ರ ಆಗಸ್ಟ್‌ನಿಂದಾಚೆಗಿನ ಪುಟಗಳನ್ನು ಮೊದಲು ಬರೆದು ಕಳಿಸಿ. ಜೈಲು ಆಮೇಲೆ ನೋಡೋಣ.