ಒಂದು ಚೆಂಡಿಗೂ ಸಾಲದ ಮಲ್ಲಿಗೆ

ಈ ವರ್ಷದ ನವೆಂಬರ್ 2ರಂದು, ಸಕಲ ಮೃತರ ಸ್ಮರಣೆಯ ದಿನ, ನಾನೇ ಕೊಯ್ದು ನಾನೇ ಕಟ್ಟಿದ ಮಲ್ಲಿಗೆಯನ್ನು ಅಮ್ಮನ ಸಮಾಧಿಯ ಮೇಲೆ ಇಟ್ಟು ಬಂದೆ. ನೋಡಿದವರಿಗೆ ಇದು ದೊಡ್ಡ ಸಂಗತಿಯಾಗಿ ಕಾಣಲಿಕ್ಕಿಲ್ಲ. ಆ ಸಂಜೆ ನಮ್ಮ ಇಗರ್ಜಿಯ ಸ್ಮಶಾನದಲ್ಲಿ ಹೂವಿಲ್ಲದ ಸಮಾಧಿ ಇರಲಿಲ್ಲವೆಂದೇ ಹೇಳಬೇಕು. ಆದರೆ ನಾಲ್ಕೂವರೆ ವರ್ಷಗಳಿಂದ ನಾನು ಆ ಗೇಟನ್ನು ದಾಟಿರಲಿಲ್ಲ, ಮಲ್ಲಿಗೆಯ ಗಿಡವನ್ನು ಮುಟ್ಟಿರಲಿಲ್ಲ. ಅಲ್ಲಿಯವರೆಗೆ ನನ್ನನ್ನು ನಡೆಸಿಕೊಂಡು ಬಂದ ದೇವರಿಗೆ ನನ್ನ ಸ್ತುತಿಯನ್ನು ಪ್ರಾರ್ಥನೆಯಲ್ಲಿ ಸಲ್ಲಿಸಿದ್ದೇನೆ. ಅವರ ಕೈಯಾಗಿ ಬಂದ ಮನುಷ್ಯರಿಗೆ ಮಾತ್ರ ಇನ್ನೂ ಬಾಯಿಬಿಟ್ಟು ಏನನ್ನೂ ಹೇಳಿಲ್ಲ. ನಮ್ಮ ಮನೆಮಾತು ಕೊಂಕಣಿಯಾದರೂ ಆ ಉಪಕಾರಿಗಳಲ್ಲಿ ಹಲವರಿಗೆ ಕೊಂಕಣಿ ಬಾರದ ಕಾರಣ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಉಡುಪಿ ಜಿಲ್ಲೆಯ ನಮ್ಮ ಶಂಕರಪುರದ ಸುತ್ತಮುತ್ತ ಮಲ್ಲಿಗೆಯೆಂದರೆ ಅಂಗಳದ ಅಲಂಕಾರವಲ್ಲ, ಮನೆಯ ದುಡಿಮೆ. 800 ಹೂವು ಸೇರಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಮ್ಮ ನಸುಕಿನಲ್ಲಿ ಎದ್ದು, ಮೊಗ್ಗು ಬಿರಿಯುವ ಮುಂಚೆಯೇ ಕೊಯ್ದು, ನೆನೆಸಿಟ್ಟ ಬಾಳೆನಾರಿನಲ್ಲಿ ಕಟ್ಟುತ್ತ ಕೂತರೆ ಬೆರಳುಗಳು ತಮ್ಮಷ್ಟಕ್ಕೆ ಎಣಿಸುತ್ತಿದ್ದವು. ಬಾಯಿಯಲ್ಲಿ ಜಪಸರದ ಪ್ರಾರ್ಥನೆ ನಡೆಯುತ್ತಿದ್ದರೂ ಎಣಿಕೆ ತಪ್ಪುತ್ತಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ನನ್ನನ್ನೂ ತಮ್ಮನನ್ನೂ ಓದಿಸಿದ್ದು ಆ ಗಿಡಗಳೇ. ಸೆಪ್ಟೆಂಬರ್‌ನಲ್ಲಿ ಬರುವ ಮೊಂತಿ ಹಬ್ಬಕ್ಕೆ, ಅಂದರೆ ಮರಿಯಮ್ಮನವರ ಜನ್ಮದಿನಕ್ಕೆ, ಮುಂಚಿನ ಒಂಬತ್ತು ದಿನ ಮಕ್ಕಳು ಅವರಿಗೆ ಹೂವು ಅರ್ಪಿಸುವಾಗ ನಮ್ಮ ಕೇರಿಯ ಮಕ್ಕಳೆಲ್ಲ ನಮ್ಮ ಮನೆಗೇ ಬರುತ್ತಿದ್ದರು. ಅಮ್ಮ ಯಾರನ್ನೂ ಬರಿಗೈಯಲ್ಲಿ ಕಳುಹಿಸಿದವಳಲ್ಲ.

2021ರ ಮೇ ತಿಂಗಳಿನಲ್ಲಿ, ಕೋವಿಡ್‌ನ ಎರಡನೆಯ ಅಲೆಯ ಹೊತ್ತಿಗೆ, ನಾನು ಕೆಲಸ ಮಾಡುವ ಸಹಕಾರಿ ಸಂಘದ ಕಚೇರಿ ಅರ್ಧ ದಿನ ತೆರೆದಿರುತ್ತಿತ್ತು. ರಜೆ ಕೇಳಿದ್ದರೆ ಸಿಗುತ್ತಿತ್ತೋ ಏನೋ, ನಾನು ಕೇಳಲಿಲ್ಲ. ಮೊದಲು ಜ್ವರ ಬಂದದ್ದು ನನಗೆ, ಮೂರು ದಿನಗಳ ನಂತರ ಅಮ್ಮನಿಗೆ. ಆಸ್ಪತ್ರೆ ಸೇರಿದ ಹನ್ನೊಂದನೆಯ ದಿನ ಅಮ್ಮ ಹೋದಳು. ನಾನು ಆಗಿನ್ನೂ ಮನೆಯ ಕೋಣೆಯಲ್ಲಿ ಪ್ರತ್ಯೇಕವಾಗಿದ್ದುದರಿಂದ ಮಣ್ಣು ಹಾಕಲೂ ಹೋಗಲಾಗಲಿಲ್ಲ. ತಮ್ಮ ಬಹರೈನ್‌ನಲ್ಲಿದ್ದ, ಅವನಿಗೆ ವಿಮಾನ ಸಿಗಲಿಲ್ಲ. ಬಿಳಿಯ ರಕ್ಷಾಕವಚ ತೊಟ್ಟ ಐದು ಮಂದಿ ಯುವಕರು ಅಮ್ಮನನ್ನು ಇಳಿಸುವುದನ್ನು ನಾನು ಮೊಬೈಲಿನಲ್ಲಿ ನೋಡಿದೆ. ಆ ಐವರಲ್ಲಿ ಇಬ್ಬರು ಮಾತ್ರ ಕ್ರೈಸ್ತರು ಎಂಬುದು ಆಮೇಲೆ ತಿಳಿಯಿತು. ಪೆಟ್ಟಿಗೆಯ ಒಂದು ಮೂಲೆ ಜಾರಿದಾಗ ಅವರಲ್ಲೊಬ್ಬ ಮಂಡಿಯೂರಿ, ಎರಡೂ ಕೈಯಿಂದ ಅದನ್ನು ಎತ್ತಿಹಿಡಿದು, ತುಳುವಿನಲ್ಲಿ ಮೆಲ್ಲಗೆ ‘ಬಾಯಮ್ಮಾ’ ಎಂದು ಕರೆದದ್ದು ಆ ವಿಡಿಯೋದಲ್ಲಿ ಕೇಳಿಸಿತ್ತು. ಅಣ್ಣಾ, ನಿಮ್ಮ ಮುಖವನ್ನು ನಾನು ಇಂದಿಗೂ ನೋಡಿಲ್ಲ. ನನ್ನ ತಾಯಿ ಅಪರಿಚಿತರ ಕೈಯಲ್ಲಿ ಮಣ್ಣಾಗಲಿಲ್ಲ ಎಂಬ ಸಮಾಧಾನವನ್ನು ನನಗೆ ಕೊಟ್ಟವರು ನೀವು.

ಆ ಸಮಾಧಾನವೂ ಬಹಳ ಕಾಲ ನನ್ನೊಳಗೆ ಇಳಿಯಲಿಲ್ಲ. ರಜೆ ಹಾಕಿದ್ದಿದ್ದರೆ, ಬೇರೆ ಕೋಣೆಯಲ್ಲಿ ಮಲಗಿದ್ದಿದ್ದರೆ, ಎರಡು ದಿನ ಮೊದಲೇ ಆಸ್ಪತ್ರೆಗೆ ಸೇರಿಸಿದ್ದಿದ್ದರೆ ಎಂದು ನನ್ನ ದಿನಗಳೆಲ್ಲ ‘ಇದ್ದಿದ್ದರೆ’ ಎಂಬ ಒಂದೇ ಪದದಲ್ಲಿ ಮುಗಿಯುತ್ತಿದ್ದವು. ಅಮ್ಮ ಹೋದ ವಾರ ತಮ್ಮ ಫೋನಿನಲ್ಲಿ ಅಳುತ್ತಲೇ, ‘ನೀನು ತಂದದ್ದು, ಅಕ್ಕ’ ಎಂದ. ನಾನು ಫೋನ್ ಇಟ್ಟೆ; ಮತ್ತೆ ಅವನ ಕರೆಯನ್ನು ತೆಗೆದುಕೊಳ್ಳಲಿಲ್ಲ. ರಾತ್ರಿಯ ಜಪಸರದಲ್ಲಿ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಪ್ರಾರ್ಥನೆ ಬಂದಾಗ, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವ ಆ ಸಾಲಿನ ಬಳಿ ನನ್ನ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಒಬ್ಬಳೇ ಪ್ರಾರ್ಥಿಸುತ್ತಿದ್ದುದರಿಂದ ಆ ಮೌನವನ್ನು ತುಂಬುವ ಮತ್ತೊಂದು ಧ್ವನಿ ಮನೆಯಲ್ಲಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಬುಟ್ಟಿ ಹಿಡಿದು ಬಂದ ಮಕ್ಕಳಿಗೆ ಹೂವಿಲ್ಲ ಎಂದುಬಿಟ್ಟೆ. ಅವರ ಬೆನ್ನ ಹಿಂದೆಯೇ ಗಿಡದ ತುಂಬ ಮೊಗ್ಗಿದ್ದವು.

ಇದನ್ನೆಲ್ಲ ಪಾಪನಿವೇದನೆಯಲ್ಲಿ ಹೇಳಿಕೊಂಡೆ. ಒಂದು ಸಲವಲ್ಲ, ನಮ್ಮ ಇಗರ್ಜಿಯಲ್ಲಿ ಒಮ್ಮೆ, ಊರು ಬಿಟ್ಟು ಮತ್ತೊಂದು ಕಡೆ ಒಮ್ಮೆ, ಜನವರಿಯ ಹಬ್ಬದಲ್ಲಿ ಎಲ್ಲ ಧರ್ಮದವರೂ ಮೇಣದ ಬತ್ತಿ ಹಿಡಿದು ನಿಲ್ಲುವ ಅತ್ತೂರಿನಲ್ಲಿ ಇನ್ನೊಮ್ಮೆ. ಕ್ಷಮೆಯ ಮಾತನ್ನು ಕೇಳಿಸಿಕೊಂಡು ಹೊರಬರುವಾಗಲೇ ಅದು ನನಗೆ ತಾಗಲಿಲ್ಲ ಎನಿಸುತ್ತಿತ್ತು. ನಾಲ್ಕನೆಯ ಬಾರಿ ಸಿಕ್ಕವರು ವಯಸ್ಸಾದ ಒಬ್ಬ ಗುರುಗಳು. (ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುಗಳು ಎಂದಿಗೂ ಹೊರಗೆ ಹೇಳುವಂತಿಲ್ಲ, ಹೇಳಿಕೊಂಡವಳಿಗೆ ಆ ಕಟ್ಟು ಇಲ್ಲವಾದ್ದರಿಂದ ಬರೆಯುತ್ತಿದ್ದೇನೆ.) ಅವರು ಪೂರ್ತಿ ಕೇಳಿ, ‘ಮಗಳೇ, ಗೊತ್ತಿದ್ದೂ ಮನಸ್ಸಾರೆ ಮಾಡಿದ್ದು ಪಾಪ. ನೀನು ಹೇಳುತ್ತಿರುವುದು ಪಾಪವಲ್ಲ, ದುಃಖ. ದುಃಖವನ್ನು ಪಾಪವೆಂದು ಎಷ್ಟು ಸಲ ಒಪ್ಪಿಸಿದರೂ ಅದು ಹೋಗುವುದಿಲ್ಲ’ ಎಂದರು.

ಆಮೇಲೆ ಅವರು ಸಂತ ಇಗ್ನೇಷಿಯಸ್ ಲೊಯೋಲರ ಕಥೆ ಹೇಳಿದರು. 1522ರಲ್ಲಿ ಸ್ಪೇನಿನ ಮನ್ರೇಸ ಎಂಬ ಊರಿನಲ್ಲಿ ಇಗ್ನೇಷಿಯಸರು ಹೇಳಿಕೊಂಡ ಪಾಪಗಳನ್ನೇ ಮತ್ತೆ ಮತ್ತೆ ಹೇಳಿಕೊಳ್ಳುತ್ತ, ಇನ್ನೂ ಏನೋ ಉಳಿದಿದೆಯೆಂದು ಒಳಗೇ ಕುದಿಯುತ್ತ, ಕೊನೆಗೆ ಪ್ರಾಣವನ್ನೇ ಕಳೆದುಕೊಳ್ಳುವ ಯೋಚನೆಯವರೆಗೆ ಹೋಗಿದ್ದರಂತೆ. ಜೆಸ್ವಿತ್ ಸಂಘವನ್ನು ಸ್ಥಾಪಿಸಿದ ಮಹಾತ್ಮರಿಗೂ ಇಂಥ ಕತ್ತಲೆ ಬಂದಿತ್ತು ಎಂಬುದನ್ನು ನಾನು ಅಂದಿನವರೆಗೆ ಕೇಳಿರಲಿಲ್ಲ. ಈ ಬಾಧೆಗೆ ‘ಸ್ಕ್ರೂಪಲ್’ ಎಂಬ ಲ್ಯಾಟಿನ್ ಮೂಲದ ಹೆಸರೊಂದಿದೆ. ಅದರ ಮೂಲಾರ್ಥ ಚೂಪಾದ ಸಣ್ಣ ಕಲ್ಲು. ಚಪ್ಪಲಿಯೊಳಗೆ ಸಿಕ್ಕ ಕಲ್ಲಿನ ಹಾಗೆ, ಪ್ರತಿ ಹೆಜ್ಜೆಗೂ ಚುಚ್ಚುತ್ತದೆ, ನಡಿಗೆಯನ್ನೂ ನಿಲ್ಲಿಸುವುದಿಲ್ಲ. ಇನ್ನು ಮುಂದೆ ಈ ವಿಷಯವನ್ನು ಯಾವ ಪಾಪನಿವೇದನೆಯಲ್ಲೂ ಎತ್ತಬಾರದೆಂದು ಗುರುಗಳು ನನಗೆ ಅಪ್ಪಣೆ ಮಾಡಿದರು. ಗುರುಗಳೇ, ಆ ಕಟ್ಟಪ್ಪಣೆಯೇ ನನಗೆ ಸಿಕ್ಕ ಮೊದಲ ಬಿಡುಗಡೆ. ಮೃದುವಾದ ಮಾತುಗಳನ್ನು ಆ ಹೊತ್ತಿಗೆ ನಾನು ನಂಬುತ್ತಿರಲಿಲ್ಲ.

ಅವರೇ ಕಳುಹಿಸಿಕೊಟ್ಟ ಕನ್ಯಾಸ್ತ್ರೀಯೊಬ್ಬರು ಆಪ್ತಸಲಹೆ ನೀಡುವವರು. ಐದು ತಿಂಗಳು, ಪ್ರತಿ ಶುಕ್ರವಾರ, ಅವರು ನನ್ನೊಡನೆ ಕುಳಿತರು. ದುಃಖಿಸುವುದೇ ವಿಶ್ವಾಸದ ಕೊರತೆ ಎಂದು ತಿಳಿದಿದ್ದ ನನಗೆ ಅವರು ಬೈಬಲ್ಲಿನ 88ನೆಯ ಕೀರ್ತನೆಯನ್ನು ಓದಿಸಿದರು. ಅದರ ಕೊನೆಯ ಸಾಲಿನಲ್ಲೂ ಬೆಳಕಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಧರ್ಮಸಭೆ ಅದನ್ನು ಮುಚ್ಚಿಡದೆ, ಪ್ರತಿ ಶುಕ್ರವಾರದ ರಾತ್ರಿಯ ಪ್ರಾರ್ಥನೆಗೆ ಇಟ್ಟುಕೊಂಡಿದೆ ಎಂದು ಸಿಸ್ಟರ್ ಹೇಳಿದಾಗ, ನನ್ನ ಅಳುವಿಗೂ ದೇವಾಲಯದೊಳಗೆ ಒಂದು ಜಾಗವಿದೆ ಎಂಬುದು ಮೊದಲ ಸಲ ಮನಸ್ಸಿಗೆ ಬಂದಿತು.

ಮತ್ತೊಂದು ಶುಕ್ರವಾರ ಯೊವಾನ್ನರ ಶುಭಸಂದೇಶದ 11ನೆಯ ಅಧ್ಯಾಯ ತೆರೆದೆವು. ಲಾಜರನು ಸತ್ತು ನಾಲ್ಕು ದಿನಗಳಾದ ಮೇಲೆ ಯೇಸು ಬಂದಾಗ ಮಾರ್ತಾ ಎದುರು ಹೋಗಿ ಹೇಳುವ ಮೊದಲ ಮಾತೇ, ‘ನೀವು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ’ ಎಂದು. ಸ್ವಲ್ಪ ಹೊತ್ತಿನ ನಂತರ ಇನ್ನೊಬ್ಬ ಸಹೋದರಿ ಮರಿಯಳು ಬಂದು ಅದೇ ಮಾತನ್ನು ಹೇಳುತ್ತಾಳೆ. ಎಷ್ಟೋ ಸಾವಿನ ಪೂಜೆಗಳಲ್ಲಿ ಕೇಳಿದ್ದ ಪಾಠ, ಆದರೆ ನನ್ನ ‘ಇದ್ದಿದ್ದರೆ’ ಅಲ್ಲಿದೆ ಎಂಬುದನ್ನು ನಾನು ಕಂಡಿರಲಿಲ್ಲ. ಆ ಇಬ್ಬರೂ ತಮ್ಮ ‘ಇದ್ದಿದ್ದರೆ’ಯನ್ನು ಮನೆಯೊಳಗೆ ಕೂತು ತಮ್ಮನ್ನೇ ಇರಿದುಕೊಳ್ಳಲು ಬಳಸಲಿಲ್ಲ, ತಂದು ಯೇಸುವಿನ ಮುಂದೆ ಇಟ್ಟರು. ಯೇಸು ಗದರಲಿಲ್ಲ, ವಿವರಣೆ ಕೊಡಲಿಲ್ಲ, ಮರಿಯಳ ಅಳುವನ್ನು ನೋಡಿ ತಾವೂ ಕಣ್ಣೀರಿಟ್ಟರು. ಆ ದಿನ ನಾನು ಸಿಸ್ಟರ್ ಮುಂದೆ ಗಟ್ಟಿಯಾಗಿ, ‘ಸ್ವಾಮಿ, ನೀವು ಇದ್ದಿದ್ದರೆ’ ಎಂದೆ. ನಾಲ್ಕು ವರ್ಷ ನನ್ನ ಮೇಲೆ ಹೊರಿಸಿಕೊಂಡಿದ್ದ ಪ್ರಶ್ನೆಯನ್ನು ದೇವರ ಮೇಲೆ ಹಾಕಿದೆ. ಅವರು ಅದನ್ನು ಹೊತ್ತುಕೊಂಡರು ಎಂದು ನಾನು ನಂಬಿದ್ದೇನೆ, ಏಕೆಂದರೆ ಅಂದಿನಿಂದ ಅದು ನನ್ನ ಬಳಿ ಇಲ್ಲ. ದುಃಖವಿದೆ. ಅದು ಅಮ್ಮನದು, ಅದನ್ನು ನಾನು ಯಾರಿಗೂ ಕೊಡುವುದಿಲ್ಲ. ತಪ್ಪಿತಸ್ಥೆಯೆಂಬ ಆ ಭಾವವನ್ನು ಬಿಟ್ಟರೆ ಅಮ್ಮನನ್ನೇ ಬಿಟ್ಟುಕೊಟ್ಟಂತೆ ಎಂದು ನಾನು ಇಷ್ಟು ಕಾಲ ಹೆದರಿದ್ದೆ.

ನಿದ್ರೆಯೇ ಬಾರದ ತಿಂಗಳುಗಳಲ್ಲಿ ಮಾತ್ರೆ ಕೊಟ್ಟು, ಅದನ್ನು ನಿಧಾನವಾಗಿ ಕಡಿಮೆ ಮಾಡಿಸಿದ ಮನೋವೈದ್ಯರಿಗೂ ನಾನು ಋಣಿ. ಪ್ರಾರ್ಥಿಸುವವರಿಗೆ ಮದ್ದು ಏಕೆ ಎಂದು ಕೇಳಿದವರಿದ್ದರು. ವೈದ್ಯರ ಬಳಿಗೆ ಹೋಗುವಂತೆ ಮೊದಲು ಹೇಳಿದವರು ಸಿಸ್ಟರೇ.

ನಿಜವಾಗಿ ನಿವೇದಿಸಿಕೊಳ್ಳಬೇಕಾದ ಪಾಪವೊಂದು ನನ್ನಲ್ಲಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ: ತಮ್ಮನ ಮೇಲಿನ ಹಗೆ. ಜೂನ್ ತಿಂಗಳಿನ ಒಂದು ರಾತ್ರಿ ನಾನೇ ಅವನಿಗೆ ಕರೆ ಮಾಡಿದೆ. ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ಕೊನೆಗೆ ಅವನು, ‘ಅಕ್ಕ, ಮಣ್ಣಿಗೂ ಬರಲಾಗದ ಸಿಟ್ಟನ್ನು ನಿನ್ನ ಮೇಲೆ ತೀರಿಸಿದೆ’ ಎಂದ. ಅವನೂ ಇಷ್ಟು ವರ್ಷ ಆ ಒಂದು ವಾಕ್ಯವನ್ನು ಹೊತ್ತುಕೊಂಡೇ ತಿರುಗಿದ್ದ. ಫೋನಿನಲ್ಲೇ ಇಬ್ಬರೂ ಸೇರಿ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಪ್ರಾರ್ಥನೆಯನ್ನು ಹೇಳಿದೆವು. ನಾನು ನಿಲ್ಲುತ್ತಿದ್ದ ಸಾಲಿಗೆ ಬಂದಾಗ ಅವನ ಧ್ವನಿ ಜೊತೆಗಿತ್ತು.

ನವೆಂಬರ್‌ಗೆ ಅವನು ಊರಿಗೆ ಬಂದ. ಅಂದು ನಸುಕಿನಲ್ಲಿ ನಾನು ಗಿಡದ ಬಳಿಗೆ ಹೋದೆ. ಆ ತಿಂಗಳಿನಲ್ಲಿ ಮೊಗ್ಗು ಕಡಿಮೆ; ಸಿಕ್ಕಿದ್ದು 214. ಬಾಳೆನಾರು ಹಿಡಿದು ಕಟ್ಟಲು ಕೂತಾಗ ಬೆರಳುಗಳಿಗೆ ಗಂಟು ಮರೆತಿರಲಿಲ್ಲ, ಎಣಿಕೆ ಮಾತ್ರ ಎರಡು ಸಲ ತಪ್ಪಿತು. ಸಂಜೆ ಗುರುಗಳು ತೀರ್ಥ ಪ್ರೋಕ್ಷಿಸುತ್ತ ಸಾಲಿನಿಂದ ಸಾಲಿಗೆ ಬರುವಾಗ ಗಾಳಿಗೆ ನಮ್ಮ ಮೇಣದ ಬತ್ತಿ ಆರುತ್ತಲೇ ಇತ್ತು. ತಮ್ಮ ಎರಡು ಕೈಯನ್ನೂ ಅಡ್ಡ ಹಿಡಿದು ಕೂತ. ಒಂದು ಚೆಂಡಿಗೂ ಸಾಲದ ಆ ಹೂವನ್ನು ಅಮ್ಮನ ಹೆಸರಿನ ಕಲ್ಲಿನ ಮೇಲೆ ಇಟ್ಟೆ.

ಆ ಗಿಡಗಳು ನಾಲ್ಕು ಬೇಸಿಗೆ ಕಳೆದೂ ಬದುಕಿ ಉಳಿದದ್ದು ಹೇಗೆಂದು ನಾನು ಯೋಚಿಸಿಯೂ ಇರಲಿಲ್ಲ. ಪಕ್ಕದ ಮನೆಯ ಅಕ್ಕ, ನಾನು ಕಚೇರಿಗೆ ಹೋದ ಮೇಲೆ ದಿನವೂ ಬೇಲಿ ದಾಟಿ ಬಂದು ನೀರು ಹಾಕುತ್ತಿದ್ದವರು ನೀವೆಂದು ಹೇಳಿದ್ದು ತಮ್ಮ. ನೀವು ನನಗೆ ಒಂದು ಮಾತನ್ನೂ ಹೇಳಲಿಲ್ಲ, ಕೇಳಲೂ ಇಲ್ಲ. ಇನ್ನು ನೀರಿನ ಕೆಲಸ ನನ್ನದು. ನಿಮ್ಮ ತಾಮ್ರದ ಕೊಡ ನಮ್ಮ ಬಾವಿಕಟ್ಟೆಯ ಮೇಲೆಯೇ ಇದೆ. ಅದನ್ನು ನಾನೇ ತಂದುಕೊಡುತ್ತೇನೆ, ಮೊದಲ ಚೆಂಡು ತುಂಬಿದ ದಿನ, ಹೂವಿನೊಡನೆ.