ಅಂಗನವಾಡಿಯ ಬೀಗದ ಕೈ ಒಪ್ಪಿಸಿದ ಮೇಲೆ

ಭಾನುವಾರ ನನ್ನ ನಿವೃತ್ತಿಗೆಂದು ಸೇರಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿಯ ಜತೆಗೊಂದು ಲಕೋಟೆಯನ್ನೂ ಕೈಗಿಟ್ಟ ನಮ್ಮ ಬಡಾವಣೆಯ ಎಲ್ಲರಿಗೂ ನಮಸ್ಕಾರ. ಮೈಕ್ ಕೊಟ್ಟಾಗ ನಾಲ್ಕು ಮಾತಾಡಿ ಕೂತುಬಿಟ್ಟೆ. ಭಾಷಣ ನನಗೆ ಬಾರದು. ಮೂವತ್ತು ವರ್ಷಕ್ಕೂ ಮೇಲೆ ಮಾಡಿದ್ದು ಮಕ್ಕಳನ್ನು ತೂಗುವುದು, ರಿಜಿಸ್ಟರ್ ಬರೆಯುವುದು. ಹಾಗಾಗಿ ಹೇಳಬೇಕಾದ್ದನ್ನು ಬರೆದೇ ಹೇಳುತ್ತೇನೆ.

"ಟೀಚರ್ ಬಂದ ಮೇಲೆ ನಮ್ಮ ಏರಿಯಾ ಉದ್ಧಾರವಾಯಿತು" ಅಂತ ಅಂದು ಮಾತಾಡಿದವರೆಲ್ಲ ಹೇಳಿದರು. ಪ್ರೀತಿಯ ಮಾತು, ಇಲ್ಲವೆನ್ನುವುದಿಲ್ಲ. ಆದರೆ ಆ ಮಾತು ಸಲ್ಲಬೇಕಾದವರು ಹಿಂದಿನ ಸಾಲಿನಲ್ಲಿ ಮೊಮ್ಮಗಳ ಪಕ್ಕ ಕೂತಿದ್ದರು, ಅವರನ್ನು ಯಾರೂ ವೇದಿಕೆಗೆ ಕರೆಯಲಿಲ್ಲ. ಹೆಸರು ಹಾಕಬೇಡ ಅಂತ ಅವರೇ ತಾಕೀತು ಮಾಡಿದ್ದಾರೆ. ಸಹಾಯಕಿ ಅಕ್ಕ ಅಂದರೆ ನಿಮಗೆಲ್ಲ ಗೊತ್ತು.

ಈಗಿನ ಹುಡುಗರಿಗೆ ಆಗಿನ ಸ್ಥಿತಿ ಗೊತ್ತಿರಲಿಕ್ಕಿಲ್ಲ. 1990ರ ದಶಕದ ಆರಂಭದಲ್ಲಿ ನಾನು ಕೆಲಸಕ್ಕೆ ಸೇರಿದಾಗ, ಮಡಿಕೇರಿಯ ಇಂದಿರಾನಗರ, ಚಾಮುಂಡೇಶ್ವರಿ ನಗರದ ಆಚೀಚಿನ ಈ ಗುಡ್ಡದಲ್ಲಿ ಕಾಂಕ್ರೀಟ್ ರಸ್ತೆ ಇರಲಿಲ್ಲ, ಮಣ್ಣಿನಲ್ಲಿ ಕೊರೆದ ಮೆಟ್ಟಿಲುಗಳಿದ್ದವು. ಜಾಗ ಪೈಸಾರಿ, ಅಂದರೆ ಸರ್ಕಾರದ್ದು. ಯಾರ ಕೈಯಲ್ಲೂ ಹಕ್ಕುಪತ್ರವಿಲ್ಲ. ತೋಟದ ಲೈನ್‌ಮನೆಯಲ್ಲಿ ಕೆಲಸವಿರುವ ತನಕ ಸೂರು, ಕೆಲಸ ಬಿಟ್ಟರೆ ಸೂರೂ ಹೋಯಿತು. ಮುಂಗಡದ ಸಾಲ ತೀರಿಸಿ ಅಲ್ಲಿಂದ ಹೊರಬಿದ್ದವರು, ಘಟ್ಟದ ಕೆಳಗಿನಿಂದ ಗಾರೆ ಕೆಲಸಕ್ಕೆ ಬಂದ ತುಳುವರು, ಅಜ್ಜನ ಕಾಲದಲ್ಲೇ ತೋಟಕ್ಕೆ ಬಂದ ತಮಿಳರು, ಮಲಬಾರಿನ ಕಡೆಯವರು, ಅರೆಭಾಷೆ ಆಡುವವರು, ಹೀಗೆ ಒಬ್ಬೊಬ್ಬರಾಗಿ ಬಂದು ಗುಡ್ಡದ ಇಳಿಜಾರಿನ ಬರೆ ಕಡಿದು ಒಂದೊಂದು ಕೋಣೆ ಎಬ್ಬಿಸಿದರು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್‌ಗೂ ಮೀರಿ ಮಳೆ ಸುರಿಯುವ ಊರಿನಲ್ಲಿ ಮಣ್ಣಿನ ಗೋಡೆ, ಮೇಲೆ ಟಾರ್ಪಾಲು. ಕೂಟುಹೊಳೆಯ ನೀರು ಪೇಟೆಗೆ ಬರುತ್ತಿತ್ತು, ನಮ್ಮ ಮೆಟ್ಟಿಲು ಹತ್ತುತ್ತಿರಲಿಲ್ಲ. ಮನೆ ಎಲ್ಲಿ ಅಂತ ಹೇಳಿದರೆ ಪೇಟೆಯ ಅಂಗಡಿಯಲ್ಲಿ ಸಾಲ ಹುಟ್ಟುತ್ತಿರಲಿಲ್ಲ. ದಸರಾಕ್ಕೆ ಮಂಟಪದ ಚಂದಾ ಕೇಳುವವರು ಕೂಡ ಕೆಳಗಿನ ತಿರುವಿನಿಂದಲೇ ವಾಪಸ್ ಹೋಗುತ್ತಿದ್ದರು. ಈಗ ರಸೀದಿ ಪುಸ್ತಕ ಹಿಡಿದು ಕೊನೆಯ ಮನೆ ತನಕ ಹತ್ತುತ್ತಾರೆ. ಅದನ್ನು ಕಂಡು ಗೊಣಗುವವರಿದ್ದಾರೆ, ನನಗೆ ಮಾತ್ರ ಖುಷಿಯೇ.

ಅಂಗನವಾಡಿ ಯೋಜನೆ ದೇಶದಲ್ಲಿ ಶುರುವಾದದ್ದು 1975ರ ಅಕ್ಟೋಬರ್ 2ರಂದು, 33 ಕಡೆ. ಕರ್ನಾಟಕದಲ್ಲಿ ಮೊದಲು ಟಿ. ನರಸೀಪುರದಲ್ಲಿ. ನಮ್ಮ ಗುಡ್ಡಕ್ಕೆ ಅದು ತಲುಪುವ ಹೊತ್ತಿಗೆ ಬಹಳ ತಡವಾಗಿತ್ತು, ತಲುಪಿದ್ದೂ ಒಂದು ಬಾಡಿಗೆ ಕೋಣೆಯಾಗಿ. ತಕ್ಕಡಿ, ಒಂದು ಟ್ರಂಕ್, ಒಂದು ಸೀಮೆಎಣ್ಣೆ ಸ್ಟವ್. ನನಗೆ ಕೊಡುತ್ತಿದ್ದದ್ದು ಸಂಬಳವಲ್ಲ, ಗೌರವಧನ. ಅಕ್ಕನಿಗೆ ಅದಕ್ಕಿಂತಲೂ ಕಡಿಮೆ.

ಅಕ್ಕ ದಲಿತರು. ಅಡುಗೆ ಅವರದು. ಮೊದಲ ವರ್ಷಗಳಲ್ಲಿ ಏಳೆಂಟು ಮನೆಯವರು ಮಕ್ಕಳ ಕೈಗೆ ಡಬ್ಬಿ ಕಟ್ಟಿ ಕಳಿಸುತ್ತಿದ್ದರು, ನೀರಿನ ಬಾಟಲಿಯೂ ಮನೆಯದೇ. "ನಮ್ಮ ಮಗುವಿಗೆ ಹೊಟ್ಟೆ ಸರಿಯಿಲ್ಲ ಟೀಚರ್" ಅನ್ನುವುದು ಅವರ ಸಬೂಬು. ವರ್ಷಪೂರ್ತಿ ಸರಿಯಿಲ್ಲದ ಹೊಟ್ಟೆ! ಅಕ್ಕ ಒಂದು ಮಾತೂ ಆಡುತ್ತಿರಲಿಲ್ಲ. ಹಾಜರಿದ್ದ ಅಷ್ಟೂ ಮಕ್ಕಳ ಲೆಕ್ಕಕ್ಕೆ ಬೇಯಿಸುತ್ತಿದ್ದರು, ಡಬ್ಬಿ ತಂದವರನ್ನೂ ಸೇರಿಸಿಯೇ. ಉಳಿದದ್ದನ್ನು ಯಾಕೆ ದಂಡ ಮಾಡುವುದು ಅಂತ ನಾನೇ ಕೇಳಿದ್ದೆ. "ಹೆಸರು ಬರೆದುಕೊಂಡಿದ್ದೀರಲ್ಲ ಟೀಚರ್, ಹೆಸರಿದ್ದ ಮೇಲೆ ಪಾಲೂ ಇರಬೇಕು" ಅಂದರು.

ಆ ಡಬ್ಬಿಗಳು ನಿಂತದ್ದು ಹೇಗೆ ಅಂತ ಹೇಳುತ್ತೇನೆ. ಯಾರ ಮನಸ್ಸೂ ಒಂದು ದಿನ ಬೆಳಗಾಗುವುದರೊಳಗೆ ಬದಲಾಗಲಿಲ್ಲ. ಡಿಸೆಂಬರಿನಿಂದ ಕಾಫಿ ಕೊಯ್ಲು. ಬೆಳಕು ಹರಿಯುವ ಮೊದಲೇ ಹೆಂಗಸರು ಜೀಪು ಹತ್ತಿ ತೋಟಕ್ಕೆ ಹೋದರೆ ಬರುವುದು ಸಂಜೆ. ಕೊಯ್ದಷ್ಟು ಕೂಲಿ, ಮಧ್ಯೆ ಮನೆಗೆ ಬರುವ ಮಾತೇ ಇಲ್ಲ. ಬೆಳಿಗ್ಗೆ ಕಟ್ಟಿದ ಡಬ್ಬಿ ಹತ್ತು ಗಂಟೆಗೇ ಖಾಲಿ, ಮಧ್ಯಾಹ್ನಕ್ಕೆ ಹಸಿವು, ಅಲ್ಲೇ ಪಕ್ಕದಲ್ಲಿ ಬಿಸಿ ಅನ್ನ, ಸಾರು. ಮೂರು ವರ್ಷದ ಮಗುವಿಗೆ ಯಾವ ಜಾತಿ? ಮಕ್ಕಳು ಉಂಡವು. ತಾಯಂದಿರಿಗೆ ಗೊತ್ತಾಯಿತು, ಗೊತ್ತಾಗದವರಂತೆ ಇದ್ದರು. ಮರುವರ್ಷದ ಕೊಯ್ಲು ಮುಗಿದ ಮೇಲೂ ಡಬ್ಬಿಗಳು ಬರಲಿಲ್ಲ. ಇದನ್ನು ಹೃದಯ ಪರಿವರ್ತನೆ ಅಂತ ಹೊಗಳುವುದು ನನಗೆ ಆಗದು. ಕೂಲಿಯ ಗಡಿಯಾರ, ಮಕ್ಕಳ ಹೊಟ್ಟೆ, ಅಕ್ಕ ದಿನವೂ ಎತ್ತಿಟ್ಟ ಆ ಪಾಲು, ಇಷ್ಟೇ ಕಾರಣ.

ದೊಡ್ಡವರದ್ದು ಇನ್ನೂ ನಿಧಾನವಾಯಿತು. 2000ದಲ್ಲಿ ಸ್ತ್ರೀಶಕ್ತಿ ಯೋಜನೆ ಬಂತು, ಹೆಂಗಸರ ಉಳಿತಾಯ, ಸಾಲದ ಸಂಘ ಕಟ್ಟಿಸುವ ಕೆಲಸ ನಮ್ಮ ತಲೆಗೆ ಬಿತ್ತು. ಒಂದೇ ಜಾತಿಯ, ಒಂದೇ ಭಾಷೆಯ ಅಷ್ಟು ಹೆಂಗಸರನ್ನು ಒಟ್ಟುಗೂಡಿಸೋಣವೆಂದರೆ ನಮ್ಮ ಗುಡ್ಡದಲ್ಲಿ ಸಿಗಬೇಕಲ್ಲ! ಎಲ್ಲರನ್ನೂ ಬೆರೆಸಿಯೇ ಸಂಘವಾಯಿತು. ವಾರದ ಮೀಟಿಂಗಿಗೆ ಅಕ್ಕ ಕಾಫಿ ಮಾಡುತ್ತಿದ್ದರು. ಒಬ್ಬರಿಗಂತೂ ಮೀಟಿಂಗಿನ ದಿನವೇ ತಪ್ಪದೆ ಉಪವಾಸ. ವಾರ ಬದಲಿಸಿದೆವು, ಉಪವಾಸವೂ ಜತೆಗೇ ಬದಲಾಯಿತು. ಆ ಅಮ್ಮನ ಮಗನಿಗೆ ಆಟೋ ತೆಗೆಯಲು ಸಂಘದಿಂದ ಸಾಲ ಬೇಕಾಯಿತು. ಅಷ್ಟೊತ್ತಿಗೆ ಸಂಘದ ಖಜಾಂಚಿ ಯಾರು? ಅಕ್ಕ. ಸಹಿ ಹಾಕುವುದನ್ನು ನಮ್ಮ ಮಕ್ಕಳ ಸ್ಲೇಟಿನಲ್ಲಿ ಕಲಿತಿದ್ದರು. ಸಾಲದ ಕಾಗದಕ್ಕೆ ಅವರ ಸಹಿ ಬಿದ್ದ ದಿನ ಉಪವಾಸದ ಅಮ್ಮ ಎರಡು ಲೋಟ ಕಾಫಿ ಕುಡಿದರು. ಅವರ ಅನುಮತಿ ಪಡೆದೇ ಬರೆದಿದ್ದೇನೆ, ಈಗ ಅವರೇ ಇದನ್ನು ಎಲ್ಲರಿಗಿಂತ ಜೋರಾಗಿ ನಗುತ್ತ ಹೇಳಿಕೊಳ್ಳುತ್ತಾರೆ. ಆ ಆಟೋ ಅಣ್ಣನಿಗೂ ಥ್ಯಾಂಕ್ಸ್. ನಡುರಾತ್ರಿ ಎಷ್ಟು ಬಸುರಿಯರನ್ನು ಜಿಲ್ಲಾಸ್ಪತ್ರೆಗೆ ಸಾಗಿಸಿದರೋ, ಒಬ್ಬರ ಹತ್ತಿರವೂ ಮೀಟರಿನ ಮಾತೆತ್ತಲಿಲ್ಲ.

ಆ ನಡುವಿನ ವರ್ಷಗಳ ಕಥೆ ಎಲ್ಲ ಕಡೆಯಂತೆಯೇ. ಟಾರ್ಪಾಲು ಹೋಗಿ ಹೆಂಚು, ಹೆಂಚು ಹೋಗಿ ತಾರಸಿ ಬಂತು. ಕರೆಂಟು ಬಂತು, ನಲ್ಲಿ ಬಂತು, ಸರ್ಕಾರಿ ಜಾಗದಲ್ಲಿ ಕಟ್ಟಿದ ಮನೆ ಸಕ್ರಮ ಮಾಡುವ 94ಸಿಸಿ ಕಲಮಿನ ಅಡಿ ಕೆಲವರಿಗೆ ಹಕ್ಕುಪತ್ರವೂ ಬಂತು. ಕೊಡಗಿಗೆ ಪ್ರವಾಸಿಗರು ಹೆಚ್ಚಾಗಿ ಹೋಂಸ್ಟೇಗಳು ಎದ್ದ ಮೇಲೆ ತೋಟದ ಜೀಪು ಹತ್ತುತ್ತಿದ್ದವರ ಸೊಸೆಯಂದಿರು ರೂಮು ಗುಡಿಸಲು, ಅಡುಗೆಗೆ ಹೋಗತೊಡಗಿದರು. ಕಾನ್ವೆಂಟ್ ಶಾಲೆಯ ವ್ಯಾನು ಕೆಳಗಿನ ತಿರುವಿಗೆ ಬಂತು, ನನ್ನ ಹಾಜರಿ ಪುಸ್ತಕ ತೆಳ್ಳಗಾಯಿತು. ಬೇಜಾರಿಲ್ಲ. ಪೋಲಿಯೊ ಹನಿ ಹಾಕಿಸಿಕೊಳ್ಳದೆ ಹಾಸಿಗೆಯಡಿ ಅವಿತಿದ್ದ ಒಂದು ಹುಡುಗಿ ಈಗ ಮಂಗಳೂರಿನಲ್ಲಿ ನರ್ಸ್. ಭಾನುವಾರ ಬಂದು ನನ್ನ ಬಿಪಿ ನೋಡಿ ಬೈದು ಹೋದಳು.

2018ರ ಆಗಸ್ಟ್ ಬಗ್ಗೆ ಬರೆಯದೆ ಇರಲಾಗದು. ಹದಿನೈದರಂದು ಮಳೆಯಲ್ಲೇ ಬಾವುಟ ಹಾರಿಸಿ ಮಕ್ಕಳಿಗೆ ಮಿಠಾಯಿ ಕೊಟ್ಟಿದ್ದೆವು. ಮುಂದಿನ ಎರಡು ದಿನದಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ ಎಲ್ಲ ಕಡೆ ಗುಡ್ಡ ಜರಿಯಿತು, ಪೇಟೆಯೊಳಗೆ ನಮ್ಮ ಬರೆಗಳೂ ಜರಿದವು. ನೆಲದಲ್ಲಿ ಬಿರುಕು ಕಂಡಾಗ ಮೊದಲು ಮನೆಮನೆಯ ಬಾಗಿಲು ಬಡಿದದ್ದು ಅಕ್ಕ. ಯಾವ ಮನೆಯಲ್ಲಿ ಬಾಣಂತಿ, ಎಲ್ಲಿ ಹಾಸಿಗೆ ಹಿಡಿದ ಅಜ್ಜಿ, ಯಾರಿಗೆ ಕಿವಿ ಕೇಳಿಸದು, ಎಲ್ಲ ಅವರ ತಲೆಯಲ್ಲಿತ್ತು. ಅವರು ಕರೆದಾಗ "ಬೆಳಗಾಗಲಿ" ಅಂದವರಿಲ್ಲ. ಆ ರಾತ್ರಿ ಅಜ್ಜಿಯಂದಿರನ್ನು ಬೆನ್ನ ಮೇಲೆ ಹೊತ್ತು ಕೆಸರಿನ ಮೆಟ್ಟಿಲು ಇಳಿದ ಹುಡುಗರೇ, ನಿಮ್ಮಲ್ಲಿ ಅರ್ಧ ಜನರನ್ನು ನಾನು "ಪುಂಡರು" ಅಂತ ಬೈದವಳು. ಮುಂದೆಯೂ ಬೈಯುತ್ತೇನೆ. ಆದರೆ ನಿಮ್ಮ ಋಣ ನನ್ನ ಮೇಲಿದೆ.

ಅಂಗನವಾಡಿಯ ಟ್ರಂಕನ್ನೂ ನೀವೇ ಹೊತ್ತು ತಂದಿರಿ. ಅದರಲ್ಲಿದ್ದ ಕುಟುಂಬ ಸಮೀಕ್ಷೆಯ ರಿಜಿಸ್ಟರ್ ಎಷ್ಟು ಕೆಲಸಕ್ಕೆ ಬಂತೆಂದು ಆಗ ಯಾರೂ ಹೇಳಿಕೊಳ್ಳಲಿಲ್ಲ. ಪೈಸಾರಿಯಲ್ಲಿದ್ದವರ ಹತ್ತಿರ, ಅದರಲ್ಲೂ ಬಾಡಿಗೆಗೆ ಇದ್ದವರ ಹತ್ತಿರ, ಇಲ್ಲಿ ಬಾಳಿದ್ದೇವೆ ಅನ್ನಲು ಏನಿತ್ತು? ಇದ್ದಬದ್ದ ಕಾಗದ ಮಣ್ಣಿನಡಿ. ಪರಿಹಾರ ಕೇಂದ್ರದಲ್ಲಿ ಕೂತು ಮನೆ ನಂಬರು, ಹೆಸರು, ಮಕ್ಕಳ ವಯಸ್ಸು ಎಲ್ಲ ಅದರಿಂದಲೇ ನಕಲು ಮಾಡಿ ಕೊಟ್ಟೆವು. ಅಲ್ಲಿ ಊಟ ಬಡಿಸಿದ, ಕಂಬಳಿ ಕೊಟ್ಟ, ಗುರುತು ಪರಿಚಯವಿಲ್ಲದೆ ಲಾರಿ ತುಂಬ ಅಕ್ಕಿ ಬೇಳೆ ಕಳಿಸಿದ ಊರೂರಿನವರಿಗೆ ಈಗಲಾದರೂ ನಮ್ಮ ನಮಸ್ಕಾರ ಮುಟ್ಟಲಿ.

ಆಮೇಲೆ ಗುಡ್ಡ ಎರಡಾಯಿತು. ಕೆಲವರಿಗೆ ಮಾದಾಪುರ ಹತ್ತಿರದ ಜಂಬೂರಿನಲ್ಲಿ, ಕರ್ಣಂಗೇರಿಯಲ್ಲಿ ಮನೆ ಸಿಕ್ಕಿತು. ಎರಡು ಬೆಡ್‌ರೂಮಿನ ಗಟ್ಟಿ ಮನೆ, ಒಳ್ಳೆಯದೇ ಆಯಿತು. ಆದರೆ ಜಂಬೂರಿಗೆ ಹೋದವರು ಪೇಟೆಯ ಕೆಲಸಕ್ಕೆ ದಿನಾ ಬಸ್ಸಿನಲ್ಲಿ ಬಂದು ಹೋಗಬೇಕು. ಭಾನುವಾರ ಅಷ್ಟು ದೂರದಿಂದ ಬಂದವರೇ ಎಲ್ಲರಿಗಿಂತ ಮೊದಲು ಬಂದು ಕುರ್ಚಿ ಹಾಕಿದರು. ಇಲ್ಲೇ ಉಳಿದವರು ಪ್ರತಿ ಆಗಸ್ಟಿನಲ್ಲಿ ಅರ್ಧ ನಿದ್ದೆಯಲ್ಲೇ ರಾತ್ರಿ ಕಳೆಯುತ್ತಾರೆ.

ಖಾಲಿಯಾದ ಕೋಣೆಗಳಿಗೆ ಈಗ ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದ ಸಂಸಾರಗಳು ಬಂದಿವೆ. ಇಲ್ಲೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. "ಇವರಿಂದ ಏರಿಯಾ ಗಲೀಜು, ಯಾರು ಏನು ಅಂತ ಗೊತ್ತಿಲ್ಲ" ಅಂತ ನಮ್ಮವರೇ ಕೆಲವರು ಹೇಳುವುದನ್ನು ಕೇಳಿದ್ದೇನೆ. ಪೇಟೆಯವರು ನಿಮ್ಮ ಅಪ್ಪ ಅಮ್ಮನ ಬಗ್ಗೆ ಹೇಳುತ್ತಿದ್ದದ್ದೂ ಅಕ್ಷರಶಃ ಇದನ್ನೇ, ನನ್ನ ಎದುರೇ ಹೇಳುತ್ತಿದ್ದರು. ನಿಮ್ಮಲ್ಲಿ ಹಲವರು ಆ ಸಂಸಾರಗಳಿಂದ ಬಾಡಿಗೆ ಎಣಿಸಿಕೊಳ್ಳುತ್ತಿದ್ದೀರಿ ಅನ್ನುವುದೂ ನನಗೆ ಗೊತ್ತು. ಅವರ ಮಕ್ಕಳು ಬಂದದ್ದರಿಂದ ನನ್ನ ಹಾಜರಿ ಪುಸ್ತಕ ಮತ್ತೆ ತುಂಬಿತು, ಅವರಿಗೂ ನನ್ನ ಥ್ಯಾಂಕ್ಸ್. ಎರಡೇ ತಿಂಗಳಲ್ಲಿ ಕನ್ನಡದ ಶಿಶುಗೀತೆ ಒಪ್ಪಿಸಿ, ಮನೆಗೆ ಹೋಗಿ ಅಮ್ಮಂದಿರಿಗೂ ಹೇಳಿಕೊಡುತ್ತವೆ ಆ ಪುಟಾಣಿಗಳು.

ಅಂಗನವಾಡಿಯವರಿಗೂ ಗ್ರಾಚ್ಯುಟಿಯ ಹಕ್ಕಿದೆ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2022ರ ಏಪ್ರಿಲ್‌ನಲ್ಲಿ. ಅಕ್ಕ ಅದಕ್ಕೂ ಮುಂಚೆಯೇ ನಿವೃತ್ತರಾಗಿದ್ದರು. ಕೊರೊನಾ ಸಮಯ, ಒಂದು ಹಾರವನ್ನೂ ಹಾಕಲಾಗಲಿಲ್ಲ. ಮಾಸ್ಕ್ ಕಟ್ಟಿಕೊಂಡು ಮನೆಮನೆಗೆ ಮಕ್ಕಳ ರೇಷನ್ ಮುಟ್ಟಿಸಿ, ಕೊನೆಯ ಚೀಲ ಮಡಚಿಟ್ಟು ಮನೆಗೆ ಹೋದವರು. ಆದ್ದರಿಂದ ಭಾನುವಾರ ನೀವು ಕೊಟ್ಟ ಲಕೋಟೆಯಲ್ಲಿ ಅರ್ಧ ಅವರದು. ಸೋಮವಾರ ಕೊಟ್ಟು ಬಂದೆ. "ನನಗ್ಯಾಕೆ ಟೀಚರ್" ಅಂದರು. ಅವರದೇ ಮಾತನ್ನು ಅವರಿಗೆ ಹೇಳಿದೆ, ಹೆಸರಿದ್ದ ಮೇಲೆ ಪಾಲೂ ಇರಬೇಕು ಅಂತ. ನಕ್ಕರು, ಇಟ್ಟುಕೊಂಡರು.

ಹೊಸ ಟೀಚರ್ ಬಂದಿದ್ದಾರೆ, ಚುರುಕಿನ ಹುಡುಗಿ. ಅಂಗನವಾಡಿಯ ಲೆಕ್ಕ ತುಂಬುವ ಪೋಷಣ್ ಟ್ರ್ಯಾಕರ್ ಆ್ಯಪ್ ಅವರ ಬೆರಳ ತುದಿಯಲ್ಲಿದೆ. ನನಗೆ ಅದು ಕೊನೆಯ ತನಕ ಸತಾಯಿಸಿತು. ಅವರನ್ನು ನನ್ನ ಜತೆ ಹೋಲಿಸಿ ಮಾತಾಡಬೇಡಿ. ಸಂಘದವರು ದಯವಿಟ್ಟು ಒಂದು ಕೆಲಸ ಮಾಡಿಕೊಡಿ: ಅಂಗನವಾಡಿಯ ಹಿಂದಿನ ಚರಂಡಿ ಕಟ್ಟಿಕೊಂಡಿದೆ, ನೀರೆಲ್ಲ ಬರೆಗೆ ಇಳಿಯುತ್ತಿದೆ. ಮಳೆ ಹಿಡಿಯುವ ಮೊದಲೇ ಬಿಡಿಸಿ. ಯಾವ ಭಾನುವಾರ ಅಂತ ತಿಳಿಸಿದರೆ ಹಾರೆ ಗುದ್ದಲಿ ಹಿಡಿದವರಿಗೆಲ್ಲ ಕಾಫಿ, ಕಡುಬು ನನ್ನ ಕಡೆಯಿಂದ. ಮಾಡುವುದಕ್ಕೆ ಅಕ್ಕನೂ ಬರುತ್ತಾರಂತೆ.